ಹೆರಿಗೆ ವ್ಯಾನಿಗೆ ಇಂಜಿನ್ ಹುಡುಕಿದ್ದು

ಇಂಜಿನಿನಿಂದ ಇಳಿಸಿದ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದನ್ನು ಕಂಡಾಗಲೇ ಕೆಲಸ ಕೈಮೀರಿದೆ ಎಂದು ನನಗೆ ಗೊತ್ತಾಯಿತು. ಎಣ್ಣೆಗೆ ನೀರು ಸೇರಿತ್ತು ಎಂದರೆ ಒಳಗೆ ಎಲ್ಲೋ ಬೀಡುಕಬ್ಬಿಣ ಸೀಳಿದೆ. ಇಂಜಿನಿನ ತಲೆ ಬಿಚ್ಚಿ, ಮಸಿ ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟು ತೆಳ್ಳಗಿನ ಬಿರುಕು ಒಂದು ಸಿಲಿಂಡರಿನಿಂದ ಪಕ್ಕದ್ದರವರೆಗೆ ಹರಿದಿತ್ತು. ಏರಿನಲ್ಲಿ ಕುದಿದು ನಿಂತ ಇಂಜಿನಿಗೆ, ನಾನು ಗಾಲಿಗೆ ಕಲ್ಲು ಹುಡುಕುತ್ತಿದ್ದಾಗ, ನೂಕಲು ಬಂದವರು ಯಾರೋ ಅವಸರದಲ್ಲಿ ತಣ್ಣೀರು ಸುರಿದಿದ್ದರು.

ಅದು ಕದ್ರಿಯ ಇಳಿಜಾರಿನಲ್ಲಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ವ್ಯಾನು. ಯುದ್ಧದ ಕಾಲ. ವ್ಯಾನಿನ ಚಾಲಕ ಮಿಲಿಟರಿಗೆ ಸೇರಿ ಹೋಗಿದ್ದ. ನಾನು ಹಂಪನಕಟ್ಟೆಯ ಹತ್ತಿರದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಹಗಲಿಡೀ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳ ಹೊಗೆಯಲ್ಲಿ ಕಣ್ಣುರಿಸಿಕೊಂಡು ಕೆಲಸ. ಆಸ್ಪತ್ರೆಯಿಂದ ಕರೆ ಬಂದರೆ ಕೈ ಒರೆಸಿಕೊಂಡು ವ್ಯಾನು ಓಡಿಸುವುದೂ ನಾನೇ. ಬೇರೆ ಯಾರೂ ಸಿಗುತ್ತಿರಲಿಲ್ಲ. ಮಣ್ಣಗುಡ್ಡದ ಬಾಡಿಗೆ ಮನೆಗೆ ಹೋದರೆ ಊಟದ ಎಲೆಯ ಮುಂದೆಯೇ ತೂಕಡಿಕೆ ಬರುತ್ತಿತ್ತು. ನನ್ನ ಹೆಂಡತಿ ಬೈಯುವುದನ್ನೂ ಬಿಟ್ಟಿದ್ದಳು.

ಡಾಕ್ಟರಮ್ಮ ಮಾರನೆಯ ಬೆಳಿಗ್ಗೆ ವರ್ಕ್‌ಶಾಪಿಗೆ ಬಂದರು. ನಡು ವಯಸ್ಸಿನ, ಕಡಿಮೆ ಮಾತಿನ ಹೆಂಗಸು. ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು. ಬಿರುಕನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹೊಲಿಗೆ ಹಾಕ್ಲಿಕ್ಕೆ ಆಗುದಿಲ್ವಾ?"

"ಹಿತ್ತಾಳೆ ಪಟ್ಟಿ ಇಟ್ಟು ಸ್ಕ್ರೂ ಹಾಕಿ ನೋಡ್ತೇನೆ ಅಮ್ಮಾ. ನಿಲ್ಲುವುದು ಕಷ್ಟ."

ಹಾಕಿ ನೋಡಿದೆ. ನಿಲ್ಲಲಿಲ್ಲ. ಇಂಜಿನ್ ಬಿಸಿಯಾಗುತ್ತಲೇ ಪಟ್ಟಿಯ ಅಂಚಿನಿಂದ ನೀರು ಜಿನುಗಿತು. ಹಡಗುಗಳಲ್ಲೆಲ್ಲ ಯುದ್ಧದ ಸಾಮಾನೇ ಬರುತ್ತಿದ್ದ ಆ ದಿನಗಳಲ್ಲಿ ಹೊಸ ಇಂಜಿನಿನ ಮಾತೇ ಇರಲಿಲ್ಲ. ಊರಲ್ಲಿ ಇದ್ದುದರಲ್ಲೇ ಒಂದನ್ನು ಹುಡುಕಬೇಕಾಗಿತ್ತು.

ಹುಡುಕಿದಾಗ ಎರಡು ಸಿಕ್ಕವು. ಒಂದು ನಮ್ಮ ವರ್ಕ್‌ಶಾಪಿನ ಮೂಲೆಯಲ್ಲೇ ಗೋಣಿ ಹೊದ್ದು ಕೂತಿತ್ತು: ಮರ ಬಿದ್ದು ಮೈಯೆಲ್ಲ ಜಜ್ಜಿಹೋದ ಒಂದು ಸಣ್ಣ ವಿಲಾಯಿತಿ ಕಾರಿನ ನಾಲ್ಕು ಸಿಲಿಂಡರಿನ ಇಂಜಿನು. ಹತ್ತು ಕುದುರೆಯ ಶಕ್ತಿ ಎಂದು ಲೆಕ್ಕ. ಇನ್ನೊಂದು, ಆಸ್ಪತ್ರೆಯ ಸಮಿತಿಯ ಹಿರಿಯರಾದ ಒಬ್ಬ ಧಣಿಗಳ ಅಮೆರಿಕದ ಕಾರಿನದು. ಆರು ಸಿಲಿಂಡರು, ಸಣ್ಣದರ ಎರಡು ಪಾಲಿಗಿಂತಲೂ ಹೆಚ್ಚು ಶಕ್ತಿ. ಪೆಟ್ರೋಲಿಗೆ ರೇಷನ್ ಕೂಪನ್ ಬಂದ ಮೇಲೆ ಧಣಿಗಳು ಆ ಕಾರನ್ನು ಹೊರಗೆ ತೆಗೆಯುವುದೇ ಅಪರೂಪವಾಗಿತ್ತು. ಅದರ ಇಂಜಿನನ್ನು ತೆಗೆದು ವ್ಯಾನಿಗೆ ಹಾಕಿಕೊಳ್ಳಿ, ದಾನವಾಗಿ ಕೊಡುತ್ತೇನೆ ಎಂದು ಹೇಳಿಕಳಿಸಿದರು.

ಆ ದಾನದ ಹಿಂದೆ ಒಂದು ಸಾವಿತ್ತು. ಧಣಿಗಳ ಅಕ್ಕನ ಮಗಳು ಹಿಂದಿನ ಮಳೆಗಾಲದಲ್ಲಿ, ಹಳೆಯ ಚಾಲಕ ಇರುವಾಗ, ಹೆರಿಗೆಯ ನೋವು ತಿನ್ನುತ್ತ ಇದೇ ವ್ಯಾನಿನಲ್ಲಿ ಬರುವಾಗ, ವ್ಯಾನು ಏರು ಹತ್ತಲಾರದೆ ನಿಂತಿತ್ತು. ಜನ ಕೂಡಿಸಿ ನೂಕಿ ಮೇಲೆ ತರುವಷ್ಟರಲ್ಲಿ ಹುಡುಗಿ ಹೋಗಿಬಿಟ್ಟಿದ್ದಳು. ಹೆಣ್ಣಿನ ಕಡೆಯಿಂದಲೇ ವಂಶ ನಡೆಯುವ ಅಳಿಯಕಟ್ಟಿನ ಆ ಕುಟುಂಬದಲ್ಲಿ ಅಕ್ಕನ ಮಗಳೆಂದರೆ ಮನೆತನವೇ ಮುಂದುವರಿಯುವ ದಾರಿ. ಧಣಿಗಳು ಆ ದಿನ ವ್ಯಾನಿನಲ್ಲಿ ಅವಳ ಜೊತೆಗೇ ಇದ್ದರು.

ಡಾಕ್ಟರಮ್ಮನಿಗೂ ಅಂಥದೇ ಒಂದು ಭಾರವಿತ್ತು. ಆಸ್ಪತ್ರೆಗೆ ಸಿಗುವ ತಿಂಗಳ ಪೆಟ್ರೋಲು ತಿಂಗಳ ಕೊನೆಯವರೆಗೆ ಬಾಳುತ್ತಿರಲಿಲ್ಲ. ಕೊನೆಯ ವಾರ ವ್ಯಾನು ಶೆಡ್ಡಿನಲ್ಲೇ ಇರುತ್ತಿತ್ತು. ಅಂಥ ಒಂದು ವಾರದಲ್ಲಿ ಬಡ ಮನೆಯ ಒಬ್ಬ ಬಾಣಂತಿಯನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಹೊತ್ತವರು ಮಂಚವನ್ನು ಆಸ್ಪತ್ರೆಯ ಜಗಲಿಯಲ್ಲಿ ಇಳಿಸಿದಾಗ ಡಾಕ್ಟರಮ್ಮ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಹೀಗೆ ಒಬ್ಬರಿಗೆ ನಿಲ್ಲದೆ ಏರುವ ವ್ಯಾನು ಬೇಕು, ಇನ್ನೊಬ್ಬರಿಗೆ ತಿಂಗಳಿಡೀ ಓಡುವ ವ್ಯಾನು ಬೇಕು. ಇಬ್ಬರೂ ಹೇಳುವುದು ಸರಿಯೇ. ಎರಡನ್ನೂ ಕೊಡುವ ಇಂಜಿನು ನನ್ನಲ್ಲಿರಲಿಲ್ಲ.

ನಮ್ಮ ವರ್ಕ್‌ಶಾಪಿನ ಸಾಹುಕಾರರು ಇದ್ದಿಲಿನ ಗ್ಯಾಸು ಹಾಕಿಸಿ ಎಂದರು. ಪೆಟ್ರೋಲಿನ ಗೋಜೇ ಇಲ್ಲ, ಬಸ್ಸುಗಳೆಲ್ಲ ಓಡುವುದಿಲ್ಲವೇ ಎಂದು. ಡಾಕ್ಟರಮ್ಮ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರು.

"ಇದ್ದಿಲು ಹತ್ತುವವರೆಗೆ ನೋವು ಕಾಯ್ತದಾ ಸಾಹುಕಾರ್ರೆ?"

ನಾನು ಅಳೆದು ನೋಡಿಯೇ ಹೇಳುತ್ತೇನೆ ಎಂದೆ. ಬಾಯಿಮಾತಿಗೆ ಇಲ್ಲಿ ಜಾಗವಿರಲಿಲ್ಲ.

ಮೊದಲು ದೊಡ್ಡದನ್ನು ನೋಡಿದೆ. ಅದಿನ್ನೂ ಧಣಿಗಳ ಕಾರಿನಲ್ಲೇ ಇದ್ದುದರಿಂದ ಕೆಲಸ ಸುಲಭವಾಗಿತ್ತು. ಟ್ಯಾಂಕಿನಿಂದ ಬರುವ ಪೈಪು ಕಳಚಿ, ಒಂದು ಡಬ್ಬಿಯನ್ನು ಇಂಜಿನಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ಪೆಟ್ರೋಲು ನೇರವಾಗಿ ಕಾರ್ಬುರೇಟರಿಗೆ ಇಳಿಯುವಂತೆ ಮಾಡಿದೆ. ಡಬ್ಬಿಗೆ ಅಳತೆ ಮಾಡಿ ಹಾಕುವುದು, ಮುಗಿದು ಗಾಡಿ ನಿಲ್ಲುವವರೆಗೆ ಓಡಿಸುವುದು, ಮೈಲುಗಲ್ಲು ನೋಡಿಕೊಳ್ಳುವುದು. ಜನರ ಭಾರಕ್ಕೆ ಬದಲಾಗಿ ಹೆಂಚು ತುಂಬಿದೆ. ನಮ್ಮ ಊರಲ್ಲಿ ಹೆಂಚಿಗೆ ಬರವಿಲ್ಲ. ಒಂದೊಂದರ ತೂಕವೂ ಒಂದೇ. ಧಣಿಗಳ ಕಾರಿನ ಚರ್ಮದ ಸೀಟಿನ ಮೇಲೆ ಗೋಣಿ ಹಾಸಿ ಹೆಂಚು ಜೋಡಿಸುವಾಗ ಅವರ ಮನೆಯ ಆಳುಗಳು ನನ್ನನ್ನು ಹುಚ್ಚನಂತೆ ನೋಡಿದರು.

ಸಮತಟ್ಟಿನಲ್ಲಿ ಒಮ್ಮೆ, ಏರಿನಲ್ಲಿ ಒಮ್ಮೆ ಓಡಿಸಿದೆ. ಏರನ್ನು ಅದು ಏರೆಂದು ಗಣಿಸಲೇ ಇಲ್ಲ. ಮೇಲಿನ ಗೇರಿನಲ್ಲೇ ಗುಂಯ್ಯೆಂದು ಹತ್ತಿತು. ಆದರೆ ಡಬ್ಬಿ ನೋಡನೋಡುತ್ತ ಖಾಲಿಯಾಯಿತು. ಎಷ್ಟು ಮೆಲ್ಲಗೆ ಬಿಟ್ಟರೂ, ಎಷ್ಟು ಹಗುರವಾಗಿ ಕಾಲಿಟ್ಟರೂ, ಸಮತಟ್ಟಿನಲ್ಲಿ ಸಹ ಅದರ ಕುಡಿತ ಕಡಿಮೆಯಾಗಲಿಲ್ಲ. ಇದನ್ನು ಹಾಕಿದರೆ ಕೊನೆಯ ವಾರವಲ್ಲ, ತಿಂಗಳ ನಡುವಿನಿಂದಲೇ ವ್ಯಾನು ಶೆಡ್ಡಿನಲ್ಲಿರುತ್ತದೆ ಎಂದು ಅಂದೇ ಅನಿಸಿತು.

ಹಾಗಾದರೆ ಸಣ್ಣದೇ ಸರಿ ಎಂದುಕೊಂಡೆ. ಅಷ್ಟು ಸುಲಭವಾಗಿರಲಿಲ್ಲ. ಸಣ್ಣ ಇಂಜಿನಿನ ಮುಖಕ್ಕೂ ವ್ಯಾನಿನ ಗೇರ್‌ಬಾಕ್ಸಿನ ಮುಖಕ್ಕೂ ತಾಳೆಯಾಗಲಿಲ್ಲ. ನಡುವೆ ಕೂರುವಂಥ ಒಂದು ಬೀಡಿನ ತಟ್ಟೆ ಬೇಕು. ಮರದ ಅಚ್ಚು ನಾನೇ ಕೆತ್ತಿ ಬಂದರಿನ ಫೌಂಡ್ರಿಗೆ ಕೊಟ್ಟೆ. ಮೊದಲ ಎರಕದಲ್ಲಿ ಗಾಳಿಗುಳ್ಳೆ. ಎರಡನೆಯದು ತಣಿಯುವಾಗ ಸೊಟ್ಟಗಾಯಿತು. ಮೂರನೆಯದನ್ನು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದೆ. ಮೀನಿನ ವಾಸನೆಯ ಆ ಓಣಿಗೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ. ಅಷ್ಟು ದಿನವೂ ಆಸ್ಪತ್ರೆಗೆ ವ್ಯಾನಿರಲಿಲ್ಲ. ಡಾಕ್ಟರಮ್ಮ ಕುದುರೆಗಾಡಿಯಲ್ಲಿ, ಕೆಲವೊಮ್ಮೆ ನಡೆದೇ, ಹೆರಿಗೆಗೆ ಹೋಗಿ ಬರುತ್ತಿದ್ದರು. ವರ್ಕ್‌ಶಾಪಿನ ಮುಂದೆ ಹಾದುಹೋಗುವಾಗ ಒಳಗೆ ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೊನೆಗೆ ಇಂಜಿನು ಕೂತಿತು. ಅದೇ ಡಬ್ಬಿ, ಅದೇ ಹೆಂಚು, ಅದೇ ದಾರಿ. ಮಣ್ಣಗುಡ್ಡದ ಸಮತಟ್ಟಿನಲ್ಲಿ ಅದರ ಓಟ ಕಂಡು ನನಗೆ ಕುಣಿಯುವಷ್ಟು ಖುಷಿಯಾಯಿತು. ದೊಡ್ಡ ಇಂಜಿನು ಹೋದ ದೂರದ ಹತ್ತಿರಹತ್ತಿರ ಎರಡರಷ್ಟು ಹೋಯಿತು. ಖುಷಿ ಕದ್ರಿಯ ಏರಿನವರೆಗೆ ಮಾತ್ರ. ಅಲ್ಲಿ ಎರಡನೆಯ ಗೇರಿಗೆ ಬಂತು, ಮತ್ತೆ ಮೊದಲನೆಯದಕ್ಕೆ ಬಂತು, ಇಂಜಿನು ಬೊಬ್ಬಿಡುತ್ತ ಗಾಡಿ ಇರುವೆಯಂತೆ ಹರಿಯಿತು. ಅರ್ಧ ದಾರಿಯಲ್ಲಿ ರೇಡಿಯೇಟರು ಕುದಿದು ಉಗಿ ಚಿಮ್ಮಿತು. ಡಬ್ಬಿ ನೋಡಿದರೆ, ಏರಿನಲ್ಲಿ ಇದೂ ಆ ಆರು ಸಿಲಿಂಡರಿನಷ್ಟೇ ಕುಡಿದಿತ್ತು.

ರಸ್ತೆಯ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತೆ. ಬೀಡಿ ಹಚ್ಚುವ ಮನಸ್ಸೂ ಬರಲಿಲ್ಲ. ಸಣ್ಣ ಇಂಜಿನ್ ಕಡಿಮೆ ಕುಡಿಯುತ್ತದೆ ಎಂಬುದು ನನ್ನ ಕಸುಬಿನವರೆಲ್ಲ ಹೇಳುವ ಮಾತು. ಅದು ಆರಾಮವಾಗಿ ಓಡುವಾಗ ಮಾತ್ರ ನಿಜ. ಅದರ ಕೈಲಾಗದ ಭಾರ ಹೊರಿಸಿ, ಕೆಳಗಿನ ಗೇರಿನಲ್ಲಿ ಹಿಂಡಿದರೆ ಅದೂ ಹೊಟ್ಟೆಬಾಕನೇ. ನಮ್ಮ ಊರಿನಲ್ಲಿ ಏರಿಲ್ಲದ ದಾರಿ ಎಲ್ಲಿದೆ?

ಉಗಿ ಇಳಿಯಲಿ ಎಂದು ಕಾಯುತ್ತ ವ್ಯಾನನ್ನೇ ನೋಡುತ್ತಿದ್ದೆ. ತೇಗದ ಚೌಕಟ್ಟು, ಅದರ ಮೇಲೆ ಕಬ್ಬಿಣದ ತಗಡು, ಹಿಂದೆ ಎರಡು ದಪ್ಪ ಬಾಗಿಲು, ಒಳಗೆ ಎರಡೂ ಬದಿಗೆ ಮರದ ಕಪಾಟು, ನೆತ್ತಿಯಲ್ಲಿ ದಾನಿಗಳ ಹೆಸರು ಕೆತ್ತಿದ ಹಲಗೆ. ಒಂದು ಮನೆಯನ್ನೇ ಗಾಲಿಯ ಮೇಲೆ ಕೂರಿಸಿದ ಹಾಗೆ. ಇಷ್ಟನ್ನೂ ಪ್ರತಿ ಸಲ ಗುಡ್ಡ ಹತ್ತಿಸಿ ಇಳಿಸುವುದು ಯಾರಿಗಾಗಿ? ಮಲಗುವವಳು ಒಬ್ಬಳು, ಕೂರುವವರು ಇಬ್ಬರು. ಇಂಜಿನನ್ನು ವ್ಯಾನಿಗೆ ಹೊಂದಿಸಲು ಹೊರಟಿದ್ದ ನಾನು ವ್ಯಾನನ್ನು ಇಂಜಿನಿಗೆ ಹೊಂದಿಸಬೇಕಾಗಿತ್ತು.

ಡಾಕ್ಟರಮ್ಮನನ್ನು ಕೇಳಿದೆ.

"ಕಪಾಟು, ಹಿಂದಿನ ಬಾಗಿಲು, ತಗಡು ಎಲ್ಲ ತೆಗೆದುಬಿಟ್ಟರೆ ನಿಮಗೆ ತೊಂದರೆ ಉಂಟಾ ಅಮ್ಮಾ?"

"ಮಳೆ ಒಳಗೆ ಬರಬಾರದು. ಮಲಗಿದವರು ಹೊರಗೆ ಬೀಳಬಾರದು. ಬೇರೆ ಎಂತದೂ ಬೇಡ" ಎಂದರು. ಸ್ವಲ್ಪ ಯೋಚಿಸಿ, "ಇಳಿತದಲ್ಲಿ ಇಂಜಿನ್ ಬಂದ್ ಮಾಡಿ ಬಿಡ್ತಾರಂತಲ್ಲ, ಪೆಟ್ರೋಲ್ ಉಳಿಸ್ಲಿಕ್ಕೆ. ಅದು ಮಾತ್ರ ಮಾಡ್ಬೇಡಿ. ಬ್ರೇಕ್ ಹೋದ್ರೆ ಎಲ್ಲರೂ ಒಟ್ಟಿಗೆ ಹೋಗ್ತೇವೆ" ಎಂದರು.

ಮರದ ಮೈಯನ್ನು ಬಿಚ್ಚಿ ಹಾಕಿದೆ. ಬೆತ್ತದ ಕಮಾನು, ಅದರ ಮೇಲೆ ದೋಣಿಯ ಹಾಯಿಬಟ್ಟೆ, ಒಳಗೆ ಒಂದು ಬೆತ್ತದ ಮಂಚ, ಒಂದು ಹಲಗೆ. ಕಾರ್ಬುರೇಟರಿಗೆ ಪೆಟ್ರೋಲು ಕಡಿಮೆ ಬಿಡುವ ಸಣ್ಣ ತೂತಿನ ಜೆಟ್ ಹಾಕಿದೆ. ಮತ್ತೆ ಹೆಂಚು, ಮತ್ತೆ ಡಬ್ಬಿ. ಈ ಸಲ ಕದ್ರಿಯ ಏರಿನ ಬಹುಪಾಲು ಎರಡನೆಯ ಗೇರಿನಲ್ಲೇ ಮುಗಿಯಿತು. ಕುಡಿತವೂ ಇಳಿಯಿತು. ಆದರೆ ತೀರ ಕಡಿದಾದ ಕಡೆ ಉಸಿರು ಕಟ್ಟುವುದು ತಪ್ಪಲಿಲ್ಲ, ಕುದಿಯುವುದೂ ಪೂರ್ತಿ ನಿಲ್ಲಲಿಲ್ಲ. ವ್ಯಾನಿನ ರೇಡಿಯೇಟರು ಹಳೆಯದು, ಅರ್ಧಕ್ಕರ್ಧ ಕೊಳವೆಗಳು ಕಟ್ಟಿದ್ದವು.

ಅಷ್ಟರಲ್ಲಿ ಧಣಿಗಳು ಹೇಳಿಕಳಿಸಿದರು, ಬಂದು ಮಾತಾಡು ಎಂದು. ಡಾಕ್ಟರಮ್ಮನೂ ನಾನೂ ಒಟ್ಟಿಗೆ ಹೋದೆವು. ಧಣಿಗಳು ಜಗಲಿಯಲ್ಲಿ ಕೂತಿದ್ದರು. ದೊಡ್ಡ ಮೈಯ ಮನುಷ್ಯ. ಆ ಒಂದು ವರ್ಷದಲ್ಲಿ ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು. ಅಂಗಳದಲ್ಲಿ ಅವರ ಕಾರು ತೊಳೆದು ನಿಲ್ಲಿಸಿತ್ತು.

"ಎಂತ ಮಾರಾಯ, ಇಂಜಿನ್ ಯಾವಾಗ ಇಳಿಸ್ತೀ?"

ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಒಂದೂ ನೆನಪಾಗಲಿಲ್ಲ.

"ಇಳಿಸುವುದು ಬೇಡ ಧಣಿಗಳೇ. ಸಣ್ಣದೇ ಇರ್ಲಿ."

ಅವರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ ನೆಲ ನೋಡುತ್ತಿದ್ದರು.

"ಸಣ್ಣದು ಏರು ಹತ್ತುತ್ತದಾ? ನನ್ನ ಕಣ್ಣು ನೋಡಿ ಹೇಳು."

"ಮೆಲ್ಲ ಹತ್ತುತ್ತದೆ. ಭಾರ ಹೆಚ್ಚಾದರೆ, ಮಳೆ ಬಂದರೆ, ನಿಂತರೂ ನಿಂತೀತು. ಇಲ್ಲ ಅಂತ ನಾನು ಹೇಳುವುದಿಲ್ಲ."

"ನಿಂತರೆ ಎಂತ ಆಗ್ತದೆ ಅಂತ ನಿನಗೆ ಗೊತ್ತುಂಟಾ?" ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನನ್ನ ತೊಡೆಯ ಮೇಲೆ ತಲೆ ಇಟ್ಟಿತ್ತು ಆ ಮಗು. ಮಾಮ, ಎಷ್ಟು ದೂರ ಉಂಟು, ಎಷ್ಟು ದೂರ ಉಂಟು ಅಂತ ಕೇಳ್ತಿತ್ತು."

ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ದೊಡ್ಡ ಇಂಜಿನನ್ನೇ ಹಾಕಿ ಕೈ ತೊಳೆದುಕೊಂಡರೆ ನನ್ನನ್ನು ಯಾರೂ ದೂರುವುದಿಲ್ಲ. ವ್ಯಾನು ಶೆಡ್ಡಿನಲ್ಲಿದ್ದರೆ ಅದು ಪೆಟ್ರೋಲಿನ ತಪ್ಪು, ಏರಿನಲ್ಲಿ ನಿಂತರೆ ಅದು ಫಿಟ್ಟರನ ತಪ್ಪು. ಅಷ್ಟು ನನಗೂ ಗೊತ್ತಿತ್ತು.

"ಧಣಿಗಳೇ, ಏರಿನಲ್ಲಿ ನಿಂತ ಗಾಡಿಗೆ ನಾಲ್ಕು ಜನ ಹೆಗಲು ಕೊಡಬಹುದು" ಎಂದೆ. "ತಿಂಗಳ ಅರ್ಧ ಶೆಡ್ಡಿನಲ್ಲಿ ನಿಂತ ಗಾಡಿಗೆ ಯಾರು ಹೆಗಲು ಕೊಡ್ತಾರೆ? ನಿಮ್ಮ ಇಂಜಿನ್ ಬಂಗಾರದಂಥದು. ಆದರೆ ಅದನ್ನು ಸಾಕ್ಲಿಕ್ಕೆ ಆಸ್ಪತ್ರೆಗೆ ಆಗುದಿಲ್ಲ. ಹೊರಟ ಮನೆಗಳಿಗೆಲ್ಲ ಬೇಗ ಹೋಗ್ತದೆ, ನಿಜ. ಹೋಗದೇ ಉಳಿಯುವ ಮನೆಗಳು ಹೆಚ್ಚು."

ಆಗಲೇ ನಾನು ಮಾತು ಮುಗಿಸಬೇಕಾಗಿತ್ತೋ ಏನೋ. ಆದರೆ ಇನ್ನೊಮ್ಮೆ ಆ ಜಗಲಿಗೆ ಬರುವ ಧೈರ್ಯ ನನಗಿರಲಿಲ್ಲ.

"ನಿಮ್ಮ ಕಾರಿನ ರೇಡಿಯೇಟರ್ ಕೊಟ್ಟರೆ ಉಪಕಾರ ಆಗ್ತದೆ. ದೊಡ್ಡದುಂಟು. ಸಣ್ಣ ಇಂಜಿನ್ ಅದರಲ್ಲಿ ಕುದಿಯುವುದಿಲ್ಲ."

ಅವರು ನನ್ನನ್ನೇ ನೋಡಿದರು. ಸಿಟ್ಟೋ ಬೇಸರವೋ ತಿಳಿಯಲಿಲ್ಲ.

"ಆನೆಯನ್ನೇ ಕೊಡ್ತೇನೆ ಅಂದ್ರೆ ಅಂಕುಶ ಸಾಕು ಅಂತೀಯಲ್ಲ ಮಾರಾಯ."

ಎದ್ದು ಒಳಗೆ ಹೋದರು. ನಾವು ಹೊರಟು ಅಂಗಳ ದಾಟುವಾಗ ಮತ್ತೆ ಬಾಗಿಲಿಗೆ ಬಂದರು. "ತೆಗೆದುಕೊಂಡು ಹೋಗು. ಆದರೆ ಮಳೆ ಹಿಡಿದ ಮೇಲೆ ಒಂದು ಸಲ ಆ ಗಾಡಿಯಲ್ಲಿ ನಾನೂ ಬರ್ತೇನೆ. ನನ್ನ ಕಣ್ಣಿನಲ್ಲಿ ನೋಡ್ಬೇಕು."

ರೇಡಿಯೇಟರು ಹಾಕಿದ ಮೇಲೆ ಕುದಿಯುವುದು ನಿಂತಿತು. ದೊಡ್ಡ ಮುಖದ ಹಿಂದೆ ಸಣ್ಣ ಇಂಜಿನು, ನೋಡಿದವರು ನಗುತ್ತಿದ್ದರು. ವ್ಯಾನು ಮೆಲ್ಲನೆ, ತೀರ ಮೆಲ್ಲನೆ, ಎಲ್ಲ ಕಡೆಗೂ ಹೋಗಿ ಬರತೊಡಗಿತು.

ಮಳೆ ಹಿಡಿಯಿತು. ಮಾತಿಗೆ ತಪ್ಪದೆ ಧಣಿಗಳು ಒಂದು ಬೆಳಿಗ್ಗೆ ಆಸ್ಪತ್ರೆಗೆ ಬಂದು ಕೂತರು. ಗುರುಪುರದ ಕಡೆಯ ಒಂದು ಹಳ್ಳಿಯಿಂದ ಕರೆ ಬಂದಿತ್ತು. ಅವರು ಮುಂದೆ ನನ್ನ ಪಕ್ಕದಲ್ಲಿ, ಡಾಕ್ಟರಮ್ಮ ಮತ್ತು ಒಬ್ಬ ಆಯಾ ಹಿಂದೆ. ಹೋಗುವಾಗ ಬಹುಪಾಲು ಇಳಿತ, ತೊಂದರೆಯಾಗಲಿಲ್ಲ. ಅಲ್ಲಿನ ಗರ್ಭಿಣಿಗೆ ನೋವು ಹಿಂದಿನ ದಿನವೇ ಶುರುವಾಗಿತ್ತು. ಮಗು ಅಡ್ಡ ತಿರುಗಿದೆ, ಇಲ್ಲಿ ಆಗುವುದಿಲ್ಲ, ಆಸ್ಪತ್ರೆಗೇ ಒಯ್ಯಬೇಕು ಎಂದರು ಡಾಕ್ಟರಮ್ಮ. ಅವಳ ಅತ್ತೆಯೂ ಹತ್ತಿಕೊಂಡಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ತಿರುಗಿ ಬರುವಾಗ ವಾಮಂಜೂರಿನ ಏರಿನಲ್ಲಿ ಮಳೆ ಕಣ್ಣು ಕಟ್ಟುವಂತೆ ಸುರಿಯುತ್ತಿತ್ತು. ಕೆಂಪು ನೀರು ರಸ್ತೆಯ ಮೇಲೇ ಇಳಿದು ಬರುತ್ತಿತ್ತು. ಮೊದಲ ಗೇರಿನಲ್ಲಿ ಇಂಜಿನಿನ ಸದ್ದು ಕುಗ್ಗುತ್ತ ಕುಗ್ಗುತ್ತ ಬಂದು, ಒಮ್ಮೆ ಕೆಮ್ಮಿ, ನಿಂತೇಬಿಟ್ಟಿತು. ಕೈಬ್ರೇಕು ಎಳೆದೆ. ಆಯಾ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟಳು. ಹಿಂದಿನಿಂದ ಆ ಹುಡುಗಿಯ ಕೂಗು. ಧಣಿಗಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರ ಕೈ ಮಾತ್ರ ಕಂಡಿತು. ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

ನಾನು, ಆಯಾ, ಹುಡುಗಿಯ ಅತ್ತೆ ಮೂವರೂ ಇಳಿದು ನೂಕಿ ನೋಡಿದೆವು. ಕಾಲು ಜಾರಿತೇ ಹೊರತು ವ್ಯಾನು ಅಲುಗಲಿಲ್ಲ. ಅಕ್ಕಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೆಗಲು ಕೊಡುವ ನಾಲ್ಕು ಜನರ ಬಗ್ಗೆ ನಾನು ಆಡಿದ ಮಾತು ನನ್ನ ಕಿವಿಯಲ್ಲೇ ಕುಟುಕಿತು.

ಉಳಿದದ್ದು ಒಂದೇ ದಾರಿ. ಆ ಹಳೆಯ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗಿಂತಲೂ ಜಗ್ಗುವ ಬಲ ಹೆಚ್ಚಿದ್ದುದು ರಿವರ್ಸ್ ಗೇರಿಗೆ. ಮುಖ ಕೆಳಗೆ ಮಾಡಿ, ಹಿಂದೆ ಹಿಂದೆ ಹತ್ತಬೇಕು.

"ಅಮ್ಮಾ, ಗಾಡಿ ತಿರುಗಿಸ್ತೇನೆ. ಹಿಂಬದಿಯಿಂದ ಹತ್ತಿಸ್ತೇನೆ."

"ಹಾಗಾದ್ರೆ ಅವಳ ತಲೆ ಕೆಳಗಾಗ್ತದೆ. ಒಂದು ನಿಮಿಷ" ಎಂದು ಡಾಕ್ಟರಮ್ಮ, ಆಯಾ, ಅತ್ತೆ ಮೂವರೂ ಸೇರಿ ಹುಡುಗಿಯನ್ನು ಮಂಚದಲ್ಲಿ ತಿರುಗಿಸಿ ಮಲಗಿಸಿದರು. ಕಲ್ಲು ತೆಗೆಸಿ, ಬ್ರೇಕು ಹಿಡಿದುಕೊಂಡು, ತಿರುವಿನ ಅಗಲ ಜಾಗದವರೆಗೆ ಹಿಂದಕ್ಕೆ ಜಾರಿಸಿ, ಹ್ಯಾಂಡಲ್ ತಿರುವಿ ಇಂಜಿನು ಎಬ್ಬಿಸಿ, ವ್ಯಾನಿನ ಬೆನ್ನನ್ನು ಗುಡ್ಡಕ್ಕೆ ಮಾಡಿದೆ. ಹಿಂದೆ ಏನೂ ಕಾಣದು. ಹಾಯಿಬಟ್ಟೆಯೂ ಮಳೆಯೂ ಎರಡೂ ಅಡ್ಡ. ಒಂದು ಬದಿಗೆ ಕಣಿವೆ.

ಬಾಗಿಲು ತೆರೆದ ಸದ್ದಾಯಿತು. ಧಣಿಗಳು ಇಳಿದಿದ್ದರು.

"ನನ್ನ ಭಾರವೂ ಕಡಿಮೆಯಾಗ್ಲಿ. ನಾನು ಮುಂದೆ ನಡೀತೇನೆ. ನನ್ನ ದನಿ ಬಂದ ಕಡೆ ಬಾ."

ಪಂಚೆ ಎತ್ತಿ ಕಟ್ಟಿ, ಕೊಡೆ ಮುಚ್ಚಿ ಅದನ್ನು ಕೋಲಿನ ಹಾಗೆ ಎತ್ತಿ ಹಿಡಿದು, ಮಳೆಯಲ್ಲಿ ತೋಯುತ್ತ ವ್ಯಾನಿನ ಹಿಂಬದಿಗೆ ಬಂದು ಅದಕ್ಕಿಂತ ಮೇಲಕ್ಕೆ ಏರು ಹತ್ತತೊಡಗಿದರು. ನಾನು ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ಹಿಂದಕ್ಕೆ ಕತ್ತು ತಿರುಗಿಸಿ ಕೂತೆ. ಗಾಡಿ ಅಲುಗಿತು. ಗಜ ಗಜವಾಗಿ ಹತ್ತಿತು.

"ಬಲೆ... ಬಲೆ..." ತುಳುವಿನಲ್ಲಿ ಕರೆಯುತ್ತಿದ್ದರು, ಮಗುವನ್ನು ಬಾ ಬಾ ಎಂದು ನಡೆಸಿದ ಹಾಗೆ. "ಎಡಕ್ಕೆ ಸ್ವಲ್ಪ... ಸಾಕು... ಬಲೆ..."

ಏರು ಎಷ್ಟು ಹೊತ್ತಿಗೆ ಮುಗಿಯಿತೋ ತಿಳಿಯದು. ಮೇಲಿನ ಸಮತಟ್ಟಿಗೆ ಬಂದಾಗ ನನ್ನ ಕತ್ತು ಮರದಂತಾಗಿತ್ತು. ಧಣಿಗಳು ಮೋರಿಯ ಕಟ್ಟೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಗಾಡಿ ತಿರುಗಿಸಿದೆ, ಅವರು ಹತ್ತಿ ಕೂತರು. ಕದ್ರಿಯವರೆಗೆ ಎಲ್ಲೂ ನಿಲ್ಲಿಸಲಿಲ್ಲ.

ಆಸ್ಪತ್ರೆಯ ಒಳಗಿನಿಂದ ಮಗುವಿನ ಅಳು ಕೇಳುವಾಗ ಮಳೆ ಸ್ವಲ್ಪ ಬಿಟ್ಟಿತ್ತು. ಆಯಾ ಬಂದು, ತಾಯಿಗೂ ಜೀವಕ್ಕೆ ತೊಂದರೆಯಿಲ್ಲ ಎಂದಳು. ಧಣಿಗಳು ವ್ಯಾನಿನ ಮೆಟ್ಟಿಲ ಮೇಲೆ ಕೂತು ಪಂಚೆಯ ಅಂಚು ಹಿಂಡುತ್ತಿದ್ದರು. ಕೇಳಿಸಿಕೊಂಡರು. ಕಣ್ಣು ಒರೆಸಿಕೊಂಡರೋ, ಮಳೆನೀರು ಒರೆಸಿಕೊಂಡರೋ. ನನಗೆ ಅಲ್ಲೇ ನೆಲದ ಮೇಲೆ ಮಲಗಿಬಿಡೋಣ ಅನ್ನಿಸಿತ್ತು.

ಗೇಟಿನ ಬಳಿ ಒಬ್ಬ ಗಂಡಸು ಓಡಿ ಬಂದು ನಿಂತ. ಬಂದರಿನವನು. ಹೆಂಡತಿಗೆ ನೋವು ಬಂದಿದೆ, ಡಾಕ್ಟರಮ್ಮ ಬರಬೇಕು ಎಂದ. ಡಾಕ್ಟರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಮುಖದಲ್ಲೂ ನಿದ್ದೆಗೆಟ್ಟ ಬಳಲಿಕೆಯಿತ್ತು.

"ತಿಂಗಳ ಕೊನೆ ಅಲ್ವಾ ಫಿಟ್ಟರೇ. ಉಂಟಾ?"

ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದೆ. ಕಡ್ಡಿಯ ತುದಿ ಚೆನ್ನಾಗಿಯೇ ಒದ್ದೆಯಾಗಿತ್ತು.

"ಉಂಟು ಅಮ್ಮಾ."

ಅವರು ಹಿಂದೆ ಹತ್ತಿದರು. ನಾನು ಇಂಜಿನು ತಿರುವುವ ಹೊತ್ತಿಗೆ ಧಣಿಗಳು ಎದ್ದು ನಿಂತಿದ್ದರು.

"ಬಂದರಿಗೆ ಏರು ಉಂಟಾ?"

"ಹೋಗುವಾಗ ಇಳಿತ ಧಣಿಗಳೇ. ಬರುವಾಗ ಏರು."

ಅವರು ಒದ್ದೆ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಮುಂದಿನ ಸೀಟಿಗೆ ಹತ್ತಿ ಕೂತರು.

"ಹಾಗಾದ್ರೆ ಬರ್ತೇನೆ. ಬಿಡು."